ಮಡಿಚಿ ಹೊಲಿದ ಚೀಟಿ

ದಿಂಬಿನ ಕೆಳಗೆ ಇರಲಿಲ್ಲ. ಸೊಸೆ ಹಾಸಿಗೆಯನ್ನೇ ಎತ್ತಿ ನೋಡಿದಳು, ಹೊಲಿಗೆ ಮಿಷನ್ನಿನ ಡ್ರಾಯರು ಎಳೆದು ನೋಡಿದಳು, ಔಷಧಿ ಬಾಟಲಿಗಳ ಹಿಂದೆ ಕೈಯಾಡಿಸಿದಳು. ಅತ್ತೆಯ ಗುಂಡಿ ಡಬ್ಬಿ ಎಲ್ಲೂ ಇಲ್ಲ. ಹೊರಗಿನ ಕೋಣೆಯಲ್ಲಿ ಎರಡು ಬೆಂಚುಗಳ ಮೇಲೆ ಅತ್ತೆಯ ಶವಪೆಟ್ಟಿಗೆ ಇತ್ತು. ಕೂತು ಅಳಬೇಕಾದ ಹೆಂಗಸು ಹೀಗೆ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದರೆ ಜನ ಏನಂದುಕೊಂಡಾರು? ಜನ ಏನೂ ಅಂದುಕೊಳ್ಳಲಿಲ್ಲ. ಪಾಪ, ದುಃಖ ತಡೆಯಲಾರದೆ ಒದ್ದಾಡುತ್ತಿದ್ದಾಳೆ ಅಂದುಕೊಂಡರು.

"ಏನಮ್ಮ ಹುಡುಕ್ತಿದ್ದೀಯ?"

ಬಾಗಿಲಲ್ಲಿ ನರ್ಸಮ್ಮ ನಿಂತಿದ್ದರು. ಆಸ್ಪತ್ರೆ ಕೆಲಸದಿಂದ ನಿವೃತ್ತಿಯಾಗಿ ಹತ್ತು ವರ್ಷವಾದರೂ ಸಭೆಯವರಿಗೆಲ್ಲ ಅವರು ನರ್ಸಮ್ಮನೇ. ಅತ್ತೆಗೆ ಜೀವದ ಗೆಳತಿ.

"ಅತ್ತೇದು... ಗುಂಡಿ ಡಬ್ಬಿ."

"ಅದು ನನ್ನ ಹತ್ರ ಇದೆ. ಬೆಳಿಗ್ಗೆ ಮೈ ಒರೆಸೋವಾಗ್ಲೇ ಎತ್ತಿಟ್ಕೊಂಡೆ. ಚೀಟಿ ಎಲ್ಲ ಅದ್ರಲ್ಲೇ ತಾನೇ ಇರೋದು? ಪೆಟ್ಟಿಗೆ ಮುಚ್ಚೋ ಮುಂಚೆ ಓದ್ಬೇಕಲ್ಲ."

ಸೊಸೆ ಮಂಚದ ಅಂಚು ಹಿಡಿದು ಕೂತುಬಿಟ್ಟಳು.

ಅವರ ಪ್ರಾರ್ಥನಾ ಕೂಟದಲ್ಲಿ ಮೊದಲಿನಿಂದ ನಡೆದುಬಂದ ಕ್ರಮ ಅದು. ಬುಧವಾರ ಸಂಜೆ ಸೇರಿದವರೆಲ್ಲ ತಮ್ಮ ತಮ್ಮ ಬೇಡಿಕೆಯನ್ನು ಹೆಸರು ಹಾಕದೆ ಚೀಟಿಯಲ್ಲಿ ಬರೆದು ಬುಟ್ಟಿಗೆ ಹಾಕುತ್ತಾರೆ. ಆಮೇಲೆ ಒಬ್ಬೊಬ್ಬರೂ ಒಂದೊಂದು ಎತ್ತಿಕೊಂಡು ಮನೆಗೆ ಒಯ್ದು, ಅದು ನೆರವೇರುವ ತನಕ ದಿನಾ ಅದಕ್ಕಾಗಿ ಪ್ರಾರ್ಥಿಸಬೇಕು. ತನ್ನ ಚೀಟಿ ತನಗೇ ಬಂದರೆ ವಾಪಸು ಹಾಕಬೇಕು. ತನ್ನ ಹೊರೆಯನ್ನು ತಾನೇ ಹೊರುವುದಾದರೆ ಸಭೆ ಯಾತಕ್ಕೆ? ಯಾರಾದರೂ ತೀರಿಕೊಂಡರೆ ಅವರ ಬಳಿ ಉಳಿದ ಚೀಟಿಗಳನ್ನು ಎಲ್ಲರೆದುರು ಓದಿ, ಒಟ್ಟಿಗೆ ಪ್ರಾರ್ಥಿಸಿ, ಒಬ್ಬೊಬ್ಬರು ಒಂದೊಂದನ್ನು ವಹಿಸಿಕೊಳ್ಳುತ್ತಾರೆ. ಒಳ್ಳೆಯ ಕ್ರಮವೇ. ಸೊಸೆಗೂ ನಿನ್ನೆಯವರೆಗೆ ಹಾಗೇ ಅನ್ನಿಸಿತ್ತು.

* * *

ಆರು ವಾರದ ಹಿಂದಿನ ಮಾತು. ಅತ್ತೆಗೆ ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಆಗಲೇ ಮೂರು ವರ್ಷ. ನಲವತ್ತು ವರ್ಷ ಬೀದಿಯವರ ಅಂಗಿ, ಪರದೆ, ಶಾಲೆ ಮಕ್ಕಳ ಸಮವಸ್ತ್ರ ಹೊಲಿದ ಹೊಲಿಗೆಯಮ್ಮ ಮಂಚ ಹಿಡಿದಿದ್ದರು. ಕಾಲು ಹೋದರೂ ಬಾಯಿ ಹೋಗಿರಲಿಲ್ಲ. ಸೊಸೆ ಬ್ರೆಡ್ ಕಾರ್ಖಾನೆಯ ಕೆಲಸ ಬಿಟ್ಟು ಎತ್ತುವುದು, ಒರೆಸುವುದು, ಉಣಿಸುವುದು ಮಾಡುತ್ತಿದ್ದಳು. ಗಂಡ ಬಸ್ ಡ್ರೈವರ್. ಸಂಜೆ ಬಂದು "ಅಮ್ಮ ಹೇಗಿದ್ದಾಳೆ?" ಅಂತ ಕೇಳಿ, ಉತ್ತರ ಬರುವ ಮೊದಲೇ ಚಪ್ಪಲಿ ಬಿಡುತ್ತಿದ್ದ.

ಆ ಬುಧವಾರ ಮೂರನೇ ಸಲ ಹಾಸಿಗೆ ಬಟ್ಟೆ ಬದಲಾಯಿಸಿ ಮುಗಿಸಿದ್ದಳಷ್ಟೆ. ಅತ್ತೆ ದಿಂಬಿನ ಕವರಿನ ಅಂಚು ಸವರಿದರು.

"ಇದನ್ನ ನೀನಾ ಹೊಲಿದಿದ್ದು? ಕೋಳಿ ಕೆದರಿದ ಹಾಗಿದೆ. ದಾರದ ತುದೀನೂ ಕತ್ತರಿಸಿಬಿಟ್ಟಿದ್ದೀಯ. ಒಂಚೂರು ತುದಿ ಬಿಡಬೇಕು ಕಣೇ. ನಾಳೆ ಯಾರಾದ್ರೂ ಬಿಚ್ಚಬೇಕು ಅಂದ್ರೆ ಹಿಡಿಯೋಕೆ ಏನಾದ್ರೂ ಬೇಡ್ವಾ?"

ಸೊಸೆ ಅಡುಗೆಮನೆಗೆ ಹೋಗಿ, ಕೈಗೆ ಸಿಕ್ಕ ಕಾಗದ ಹರಿದು, ಗುರುತು ಸಿಗದಿರಲಿ ಎಂದು ಎಡಗೈಯಲ್ಲಿ ಬರೆದಳು. ಮೇಲಿನ ಸಾಲು: ಕರ್ತನೇ, ಅತ್ತೆಯನ್ನು ಬೇಗ ಕರೆದುಕೋ. ಕೆಳಗೆ: ನನಗೆ ಸಾಕಾಗಿದೆ. ಇನ್ನು ನನ್ನಿಂದ ಆಗುವುದಿಲ್ಲ.

ಸಂಜೆ ಕೂಟದಲ್ಲಿ ಅದನ್ನು ಬುಟ್ಟಿಗೆ ಹಾಕಿ ಕೂತ ಮೇಲೆ ಹೊಳೆಯಿತು. ಆ ಕಂದು ಕಾಗದ ಅತ್ತೆ ಬಟ್ಟೆ ಹೊಲಿಯಲು ಅಳತೆ ಕತ್ತರಿಸಿಕೊಳ್ಳುತ್ತಿದ್ದ ಕಾಗದ. ಇಡೀ ಸಭೆಯಲ್ಲಿ ಇನ್ಯಾರ ಮನೆಯಲ್ಲೂ ಇಲ್ಲ. ಕೈಬರಹ ಬಚ್ಚಿಟ್ಟು ಮನೆ ವಿಳಾಸ ಬರೆದುಕೊಟ್ಟ ಹಾಗಾಗಿತ್ತು. ಅಷ್ಟರಲ್ಲಿ ಬುಟ್ಟಿ ಒಂದು ಸುತ್ತು ಹೋಗಿಬಂದಿತ್ತು. ಎಂದಿನಂತೆ ನರ್ಸಮ್ಮ ಗೆಳತಿಯ ಪಾಲಿನದನ್ನೂ ನೋಡದೆ ಎತ್ತಿ ಕೈಚೀಲಕ್ಕೆ ಹಾಕಿಕೊಂಡಿದ್ದರು.

ಯಾರಿಗೆ ಹೋಯಿತೋ! ವಾರಗಟ್ಟಲೆ ಒಬ್ಬೊಬ್ಬರ ಮುಖ ನೋಡಿದಳು. ಯಾರಲ್ಲೂ ಸುಳಿವಿಲ್ಲ; ಅತ್ತೆಯ ಡಬ್ಬಿಗೇ ಸೇರಿತೋ ಏನೋ. ಮನೆಯಲ್ಲಿ ಅತ್ತೆ ಎಂದಿನ ಅತ್ತೆಯೇ. ಗಂಜಿಗೆ ಉಪ್ಪು ಹೆಚ್ಚು, ಕಿಟಕಿ ತೆಗೆ, ಕಿಟಕಿ ಹಾಕು. ಒಂದು ಮಧ್ಯಾಹ್ನ ಮಾತ್ರ, "ಸಣ್ಣ ಸೂಜಿಗೆ ನೀಲಿ ದಾರ ಪೋಣಿಸಿಕೊಡು, ನನಗೆ ಸೂಜಿ ಕಣ್ಣು ಕಾಣಲ್ಲ" ಅಂದಿದ್ದರು.

"ಏನು ಹೊಲೀತೀರಿ?"

"ಏನೋ ಒಂದು. ನಿನಗ್ಯಾಕೆ? ಪೋಣಿಸು."

ಪೋಣಿಸಿಕೊಟ್ಟಿದ್ದಳು. ನಿನ್ನೆ ರಾತ್ರಿ ಅತ್ತೆ ನಿದ್ದೆಯಲ್ಲೇ ಹೋದರು. ಬೇಡಿದ್ದು ಸಿಕ್ಕಿತ್ತು. ಕೂಟದ ಪ್ರಾರ್ಥನೆಗೆ ಇಷ್ಟು ಬಲವಿದೆಯೆಂದು ಗೊತ್ತಿದ್ದರೆ ಬೇರೆ ಏನಾದರೂ ಬೇಡುತ್ತಿದ್ದಳು.

* * *

ಹೊರಗೆ ಗಡಿಯಾರದ ತಾತ ಪ್ರಾರ್ಥನೆ ಶುರುಮಾಡಿ ಬಹಳ ಹೊತ್ತಾಗಿತ್ತು. ಊರಿನ ಗಡಿಯಾರಗಳನ್ನೆಲ್ಲ ರಿಪೇರಿ ಮಾಡುವ ಮನುಷ್ಯ; ಪ್ರಾರ್ಥನೆಗೆ ನಿಂತರೆ ಮಾತ್ರ ಹೊತ್ತು ಗೊತ್ತಾಗುವುದಿಲ್ಲ. ಯಾರೋ ಕೆಮ್ಮಿದ ಮೇಲೆ "ಆಮೆನ್" ಅಂದರು.

ನರ್ಸಮ್ಮ ಡಬ್ಬಿ ತೆಗೆದರು. ಒಳಗೆ ಗುಂಡಿಗಳು ಸದ್ದುಮಾಡಿದವು. ಗಂಡ ಪಕ್ಕದಲ್ಲೇ ನಿಂತಿದ್ದ, ಅತ್ತು ಅತ್ತು ಕಣ್ಣು ಊದಿತ್ತು. ಇವನ ಎದುರಿಗೇ ಓದುತ್ತಾರೆ. ತಾಯಿಯ ಹೆಣದ ಮುಂದೆ ನಿಂತು ಕೇಳಿಸಿಕೊಳ್ಳುತ್ತಾನೆ. ಕಾಗದ ನೋಡಿದ ಕೂಡಲೇ ಗುರುತು ಹಿಡಿಯುತ್ತಾನೆ. ಹುಟ್ಟಿದಾಗಿನಿಂದ ಅದೇ ಕಾಗದದ ಚೂರುಗಳಲ್ಲಿ ಆಡಿ ಬೆಳೆದವನು.

"ಕಣ್ಣಿನ ಆಪರೇಷನ್ ಚೆನ್ನಾಗಿ ಆಗಲಿ," ನರ್ಸಮ್ಮ ಮೊದಲನೆಯದನ್ನು ಓದಿದರು.

"ಆಮೆನ್," ಅಂದಿತು ಸಭೆ. ತಾತ ಕೈಚಾಚಿ ಆ ಚೀಟಿ ತೆಗೆದುಕೊಂಡರು.

"ಅಣ್ಣ ತಮ್ಮ ಮಾತಾಡೋ ಹಾಗಾಗಲಿ."

"ಆಮೆನ್."

ಮೂರನೆಯದು ಕಂದು ಕಾಗದ. ಸೊಸೆ ಕಣ್ಣು ಮುಚ್ಚಿಕೊಂಡಳು. ನರ್ಸಮ್ಮ ಕನ್ನಡಕ ಸರಿಮಾಡಿಕೊಂಡು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿದರು.

"ನನಗೆ ಸಾಕಾಗಿದೆ. ಇನ್ನು ನನ್ನಿಂದ ಆಗುವುದಿಲ್ಲ," ಎಂದು ಓದಿ ನಿಲ್ಲಿಸಿದರು. "ಇಷ್ಟೇ ಇದೆ. ಮೇಲಿನ ಅಂಚನ್ನ ಮಡಿಚಿ ಹೊಲಿದುಬಿಟ್ಟಿದ್ದಾಳೆ, ನೋಡಿ."

ಸೊಸೆ ಕಣ್ಣು ಬಿಟ್ಟಳು. ಮೇಲಿನ ಸಾಲು ಇರಲಿಲ್ಲ. ಅಂಗಿಯ ಅಂಚಿನ ಹಾಗೆ ಎರಡು ಮಡಿಕೆ ಮಡಿಚಿ, ಉದ್ದಕ್ಕೂ ನೀಲಿ ದಾರದ ಸಣ್ಣ ಸಣ್ಣ ಹೊಲಿಗೆ. ಕೊನೆಯಲ್ಲಿ ಒಂದು ಗೇಣು ದಾರ ಹಾಗೇ ಬಿಟ್ಟಿತ್ತು. ತಾನೇ ಪೋಣಿಸಿಕೊಟ್ಟ ದಾರ. ಅಯ್ಯೋ ನನ್ನ ದೇವರೇ, ಅಂದುಕೊಂಡಳು.

"ಒಳಗೆ ಏನೋ ಬರೆದಿರಬೇಕು. ಬಿಚ್ಚಿ ನೋಡಮ್ಮ," ಅಂದರು ತಾತ. ಬಿಚ್ಚುವುದು ಅವರ ಕಸುಬು.

"ಅವಳು ಮುಚ್ಚಿದ್ದನ್ನ ನಾನ್ಯಾಕೆ ಬಿಚ್ಚಲಿ?" ನರ್ಸಮ್ಮ ಗದರಿಸಿದರು. "ಕಾಣೋಷ್ಟಕ್ಕೆ ಪ್ರಾರ್ಥನೆ ಮಾಡೋಣ. ಯಾರೋ ತುಂಬ ಸೋತಿದ್ದಾರೆ."

ಸಭೆ ತಲೆ ತಗ್ಗಿಸಿತು. ಸೋತವರಿಗೆ ಬಲ ಕೊಡು ಎಂದರು ಒಬ್ಬರು. ಕೂತು ಉಸಿರಾಡಲು ಒಂದು ಗಳಿಗೆ ಕೊಡು ಎಂದರು ಇನ್ನೊಬ್ಬರು. ಪಕ್ಕದಲ್ಲಿ ಗಂಡನ ದನಿ ಕೇಳಿಸಿತು: "ಅವರಿಗೆ ಯಾರಾದ್ರೂ ಆಸರೆಯಾಗಲಿ, ಸ್ವಾಮಿ." ಮೂರು ವರ್ಷದಲ್ಲಿ ತನಗಾಗಿ ಅವನು ಆಡಿದ ಮೊದಲ ಮಾತು ಅದು, ಅದೂ ಯಾರಿಗೆಂದು ತಿಳಿಯದೆ.

"ಇದನ್ನ ಯಾರು ವಹಿಸ್ಕೋತೀರಿ?"

ಸೊಸೆಯ ಕೈ ತಾನಾಗಿ ಮುಂದೆ ಹೋಯಿತು. ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಇನ್ನೊಬ್ಬರ ಮನೆಗೆ ಆ ಮಡಿಕೆ ಹೋಗಲು ಬಿಡುವುದು ಹೇಗೆ? ನರ್ಸಮ್ಮ ಅವಳ ಮುಖ ನೋಡಿದರು, ಕಾಗದ ನೋಡಿದರು.

"ಅವರವರದ್ದನ್ನ ಅವರವರಿಗೆ ಕೊಡೋ ಹಾಗಿಲ್ಲ, ಮಗಳೇ," ಎಂದು ಮೆಲ್ಲಗೆ ಅಂದರು.

"ಗೊತ್ತು," ಅಂದಳು ಸೊಸೆ. "ನಂದೇ ಅದು."

ಕೋಣೆಯಲ್ಲಿ ಯಾರೂ ಕೆಮ್ಮಲಿಲ್ಲ. ಗಂಡ ಅವಳ ಕಡೆ ತಿರುಗಿದ. ಅವನು ಹಾಗೆ ನೋಡಿ ಎಷ್ಟು ಕಾಲವಾಗಿತ್ತೋ. ಆಮೇಲೆ ಸ್ಟೀರಿಂಗ್ ಹಿಡಿದು ಒರಟಾದ ಕೈಯನ್ನು ಅವಳ ಕೈ ದಾಟಿಸಿ ಚಾಚಿದ.

"ನನಗೆ ಕೊಡಿ."

ಓದಿದ. ಮಡಿಕೆಯ ಮೇಲೆ ಹೆಬ್ಬೆರಳು ಆಡಿಸಿದ. ದಾರದ ತುದಿ ಅವನ ಬೆರಳಿಗೆ ಸಿಕ್ಕಿತು. ಅವನು ಎಳೆಯಲಿಲ್ಲ, ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಪೆಟ್ಟಿಗೆಗೆ ಹೆಗಲು ಕೊಡಲು ಹೋದ.

ಬೀದಿಯಲ್ಲಿ ಅವಳು ಅವನ ಪಕ್ಕದಲ್ಲೇ ನಡೆದಳು. ನೀಲಿ ದಾರದ ತುದಿ ಜೇಬಿನಿಂದ ಹೊರಗೆ ಜೋತಾಡುತ್ತಿತ್ತು. ಕೈಚಾಚಿ ಎರಡು ಬೆರಳಲ್ಲಿ ಅದನ್ನು ಒಳಗೆ ತಳ್ಳಿದಳು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಅದು ಮತ್ತೆ ಹೊರಗೆ ಬಂತು.