ಫೆನ್ನಾ ಇಲ್ಲದ ಸೆಪ್ಟೆಂಬರ್ ವಾರ

ಸೆಪ್ಟೆಂಬರಿನ ಎರಡನೆಯ ವಾರ ನಮ್ಮದು. ಫ್ಲೀಲ್ಯಾಂಡ್ ದ್ವೀಪದ ಹಳ್ಳಿಯಲ್ಲಿ, ದೊಡ್ಡ ಬೀದಿಯಿಂದ ಒಳಕ್ಕೆ ಹೊರಳುವ ಓಣಿಯೊಂದರಲ್ಲಿ ಬೌಕಳ ಚಿಕ್ಕ ಬಾಡಿಗೆ ಮನೆಯಿದೆ. ಅಕ್ಕ ಫೆನ್ನಾ ಮತ್ತು ನಾನು ಆ ಮನೆಯನ್ನು ಆ ವಾರದ ಮಟ್ಟಿಗೆ ಇಪ್ಪತ್ತು ವರ್ಷಕ್ಕೂ ಮೇಲೆ ಹಿಡಿದುಕೊಂಡು ಬಂದವರು. ಹೊರಡುವ ದಿನ, ಹಡಗು ಹತ್ತುವ ಮೊದಲು, ಬರುವ ವರ್ಷಕ್ಕೆ ಬೇಕೋ ಬೇಡವೋ ಹೇಳಿಬಿಡಬೇಕು. ಬೇಡವೆಂದರೆ ಕಾದು ಕೂತಿರುವ ಇನ್ನಾರಿಗೋ ಹೋಗುತ್ತದೆ. ಒಮ್ಮೆ ಬಿಟ್ಟುಕೊಟ್ಟ ವಾರ ತಿರುಗಿ ಯಾರಿಗೂ ಸಿಕ್ಕಿದ್ದನ್ನು ನಾನು ಕೇಳಿಲ್ಲ. ಪ್ರತಿ ಸಲವೂ ಬೇಕೆಂದು ಹೇಳುತ್ತಿದ್ದವಳು ಫೆನ್ನಾ. ನನ್ನನ್ನು ಕೇಳುತ್ತಲೂ ಇರಲಿಲ್ಲ.

ಈ ಏಪ್ರಿಲ್‌ನಲ್ಲಿ ಅವಳು ತೀರಿಕೊಂಡಳು. ನಮ್ಮೂರು ಜ್ವೊಲ್ಲದಲ್ಲೇ ಮಣ್ಣು ಮಾಡಿದೆವು. ಬೌಕಳಿಗೆ ತಿಳಿಸಬೇಕೆಂದು ಬರೆಯಲು ಕೂತಾಗಲೆಲ್ಲ ಬೇರೇನೋ ಕೆಲಸ ನೆನಪಾಗುತ್ತಿತ್ತು. ಕೊನೆಗೆ ತಿಳಿಸಲೇ ಇಲ್ಲ. ಸೆಪ್ಟೆಂಬರ್ ಬಂದಾಗ ಒಬ್ಬಳೇ ಹೊರಟೆ. ವಾರವನ್ನು ಉಳಿಸಿಕೊಳ್ಳುವುದೋ ಬಿಡುವುದೋ ಎಂಬುದನ್ನು ಅಲ್ಲಿ ಇದ್ದು ನೋಡಿಯೇ ತೀರ್ಮಾನಿಸೋಣ ಎಂದುಕೊಂಡೆ.

ಹಡಗು ಮುಟ್ಟುವ ಹೊತ್ತಿಗೆ ತುಂತುರು ಇತ್ತು. ಬೀಗದ ಕೈ ಎಂದಿನಂತೆ ಬಾಗಿಲಲ್ಲೇ ಸಿಕ್ಕಿಸಿತ್ತು. ಪಕ್ಕದ ಮನೆಯಲ್ಲಿ ಬೌಕ ಇರಲಿಲ್ಲ. ಅವಳ ಗಂಡ ಸೀಬ್ರೆನ್ ಹಿತ್ತಲ ಶೆಡ್ಡಿನ ಮಾಡಿನ ಮೇಲೆ ಕೂತು ಹಲಗೆಗಳಿಗೆ ಮೊಳೆ ಹೊಡೆಯುತ್ತಿದ್ದ. ನಾನು ಕೈ ಎತ್ತಿದೆ. ಬಾಯಲ್ಲಿ ಮೊಳೆಗಳಿದ್ದುದರಿಂದ ಅವನು ತಲೆಯಾಡಿಸಿದ.

ನಮ್ಮ ಕಡೆ ಬೀದಿಗೆ ನೋಡುವ ಕಿಟಕಿಗೆ ಯಾರೂ ಪರದೆ ಎಳೆಯುವುದಿಲ್ಲ. ದೀಪ ಹಚ್ಚಿದ ಮೇಲೂ ಅದು ತೆರೆದೇ ಇರುತ್ತದೆ. ಒಳಗಿನವರು ಊಟ ಮಾಡುವುದು, ಇಸ್ಪೀಟು ಆಡುವುದು, ತೂಕಡಿಸುವುದು ಎಲ್ಲವೂ ಓಣಿಯಲ್ಲಿ ಹೋಗುವವರಿಗೆ ಕಾಣುತ್ತದೆ. ಊಟದ ಮೇಜು ಇರುವುದೂ ಆ ಕಿಟಕಿಯ ಬುಡದಲ್ಲೇ. ರಾತ್ರಿ ಒಂದೇ ತಟ್ಟೆ ಇಟ್ಟುಕೊಂಡು, ಎದುರಿನ ಖಾಲಿ ಕುರ್ಚಿಯನ್ನು ನೋಡುತ್ತಾ ರೊಟ್ಟಿಗೆ ಬೆಣ್ಣೆ ಸವರುತ್ತಿದ್ದಾಗ, ಹೊರಗೆ ಯಾರೋ ಸೈಕಲ್ಲಿನಲ್ಲಿ ಹಾದುಹೋದರು. ನೋಡಿದರೋ ಇಲ್ಲವೋ ಗೊತ್ತಿಲ್ಲ. ನಾನು ಎದ್ದು ಪರದೆ ಎಳೆದೆ. ಬೆಳಿಗ್ಗೆ ತೆಗೆಯಲು ಮನಸ್ಸಾಗಲಿಲ್ಲ. ಮರುದಿನವೂ ಆಗಲಿಲ್ಲ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಊರು ನನ್ನಿಂದ ದೂರ ಸರಿಯಿತು. ಸೀಬ್ರೆನ್‌ನ ಸುತ್ತಿಗೆ ನಿಂತುಹೋಯಿತು. ಶೆಡ್ಡಿನ ಮಾಡು ಅರ್ಧಕ್ಕೇ ಉಳಿಯಿತು. ಎದುರು ಮನೆಯ ಅಂಗಳದಲ್ಲಿ ಚೆಂಡಾಡುತ್ತಿದ್ದ ಮಕ್ಕಳ ಗದ್ದಲ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಮಾತಾಡುತ್ತಾ ಬರುತ್ತಿದ್ದವರು ನನ್ನ ಕಿಟಕಿ ಹತ್ತಿರವಾದಂತೆ ಸುಮ್ಮನಾಗುತ್ತಿದ್ದರು. ಸೈಕಲ್ಲಿನವರು ಇಳಿದು ತಳ್ಳಿಕೊಂಡು ಹೋಗುತ್ತಿದ್ದರು. ಪರದೆಯ ಹಿಂದೆ ನಿಂತು ಆ ಚಕ್ರಗಳ ಟಿಕ್ ಟಿಕ್ ಸದ್ದು ಕೇಳುತ್ತಿದ್ದೆ. ಯಾರೂ ಬಾಗಿಲು ತಟ್ಟಲಿಲ್ಲ. ಹಿಂದೆಲ್ಲ ಬೌಕ ಎರಡನೆಯ ದಿನವೇ ಬಂದು ಕಾಫಿ ಕುಡಿದು, ಚಳಿಗಾಲದಲ್ಲಿ ಸತ್ತವರ, ಹುಟ್ಟಿದವರ, ಓಡಿಹೋದವರ ಸುದ್ದಿಯನ್ನೆಲ್ಲ ಒಪ್ಪಿಸಿ ಹೋಗುತ್ತಿದ್ದಳು.

ಅವರೆಲ್ಲ ಬರುತ್ತಿದ್ದುದು ಫೆನ್ನಾಳಿಗಾಗಿ ಎಂದುಕೊಂಡೆ. ನಗಿಸುವವಳು ಅವಳು, ನಾನು ಕಾಫಿ ಕಪ್ಪು ತೊಳೆಯುವವಳು.

ಒಂದು ಬೆಳಿಗ್ಗೆ ಬಾಗಿಲ ಹಿಡಿಗೆ ಒಣದ್ರಾಕ್ಷಿ ಹಾಕಿದ ಬ್ರೆಡ್ಡು ತೂಗಿಹಾಕಿತ್ತು. ಯಾರದೋ ಮನೆಗೆ ಹೋಗಬೇಕಾದದ್ದು ಇಲ್ಲಿಗೆ ಬಂದಿದೆಯೆಂದು ಬೇಕರಿಗೆ ತೆಗೆದುಕೊಂಡು ಹೋದೆ.

"ಇದು ತಪ್ಪಿ ನಮ್ಮನೇಗೆ ಬಂದಿದೆ."

"ತಪ್ಪಿ ಏನಲ್ಲ, ನಿಮಗೇ ಅದು," ಎಂದಳು ಅಂಗಡಿಯವಳು. ಬೇರೆ ಗಿರಾಕಿಗಳು ಸರಿದು ನನಗೆ ದಾರಿ ಬಿಟ್ಟರು. ಮುದುಕನೊಬ್ಬ ಟೋಪಿ ತೆಗೆದ. ಬಾಡಿಗೆಗೆ ಬಂದವರಿಗೆಲ್ಲ ಈಗ ಬ್ರೆಡ್ಡು ಕೊಡುವ ಪದ್ಧತಿ ಶುರುವಾಗಿರಬೇಕು ಎಂದುಕೊಂಡು ಮನೆಗೆ ಬಂದೆ.

ಮಧ್ಯಾಹ್ನಗಳಲ್ಲಿ ಮರಳುದಿಬ್ಬ ದಾಟಿ ಸಮುದ್ರಕ್ಕೆ ಹೋಗುತ್ತಿದ್ದೆ. ದಿಬ್ಬದ ಮುಳ್ಳುಪೊದೆಗಳಲ್ಲಿ ಕಿತ್ತಳೆ ಬಣ್ಣದ ಹಣ್ಣುಗಳು ಜೋತುಬಿದ್ದಿದ್ದವು. ಆಚೆ ಅಷ್ಟುದ್ದದ ಮರಳಿನ ಮೇಲೆ ನನ್ನ ಹೊರತು ಇನ್ನೊಂದು ಜೀವ ಕಾಣುತ್ತಿರಲಿಲ್ಲ. ಗಾಳಿ ಕಿವಿಯಲ್ಲಿ ತುಂಬಿಕೊಳ್ಳುತ್ತಿತ್ತು. ಏನಾದರೂ ಚಂದದ್ದು ಕಂಡರೆ ಪಕ್ಕಕ್ಕೆ ತಿರುಗಿ "ನೋಡೇ" ಅನ್ನಲು ಬಾಯಿ ತೆರೆಯುತ್ತಿದ್ದೆ. ಹಾಗೆ ತೆರೆದ ಬಾಯಿಯನ್ನು ಮುಚ್ಚಿಕೊಳ್ಳುವುದು ಎಷ್ಟು ಕಷ್ಟದ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ಬೇಡ, ಈ ವಾರವನ್ನು ಬಿಟ್ಟುಬಿಡುತ್ತೇನೆ ಎಂದು ಅಲ್ಲೇ ತೀರ್ಮಾನಿಸಿದೆ. ಮಕ್ಕಳಿರುವ ಯಾರಾದರೂ ಬರಲಿ.

ಹೊರಡುವ ಹಿಂದಿನ ದಿನ ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಬೌಕ ಕರಿ ಕೋಟು ಹಾಕಿಕೊಂಡು, ಬಟಾಣಿ ಸೂಪಿನ ಪಾತ್ರೆ ಹಿಡಿದು ನಿಂತಿದ್ದಳು. ಅವಳ ಬೆನ್ನ ಹಿಂದೆ ಸೀಬ್ರೆನ್, ತಲೆ ಬಾಚಿಕೊಂಡಿದ್ದ.

"ಮಿಂಕಾ, ನಾವಾಗಿ ಬರಬಾರದು, ಗೊತ್ತು," ಎಂದಳು ಬೌಕ ಪಿಸುದನಿಯಲ್ಲಿ. "ಆದ್ರೆ ನಾಳೆ ನೀನು ಹೊರಡಬೇಕಲ್ಲ. ಅವಳನ್ನ ಹೇಗೆ ಕರ್ಕೊಂಡು ಹೋಗ್ತೀಯ?"

"ಯಾರನ್ನ?"

"ಫೆನ್ನಾನ."

ನನಗೆ ಅರ್ಥವಾಗಲಿಲ್ಲ. ಸೀಬ್ರೆನ್ ಕೆಮ್ಮಿದ. "ಹಡಗಿನವರ ಹತ್ರ ನಾನು ಮಾತಾಡ್ತೀನಿ. ಪೆಟ್ಟಿಗೆಗೆ ಬೇರೆ ಜಾಗ ಕೊಡ್ತಾರೆ."

"ಯಾವ ಪೆಟ್ಟಿಗೆ? ಫೆನ್ನಾ ಏಪ್ರಿಲ್‌ನಲ್ಲೇ ಹೋದ್ಲಲ್ಲ. ಜ್ವೊಲ್ಲದಲ್ಲಿ ಮಣ್ಣು ಮಾಡಿದ್ವಿ."

ಬೌಕ ಪಾತ್ರೆಯನ್ನು ಅಲ್ಲೇ ನೆಲದ ಮೇಲಿಟ್ಟಳು. ಗಂಡನ ಕಡೆ ತಿರುಗಿದಳು. ಅವಳ ದನಿ ಒಮ್ಮೆಲೇ ಮಾಮೂಲಿಗೆ ಬಂತು. "ನಾನು ಬಡ್ಕೊಂಡೆ! ಹಡಗಿಂದ ಒಬ್ಬಳೇ ಇಳಿದ್ಲಂತೆ, ಒಳಗೆ ಹೆಣ ಎಲ್ಲಿಂದ ಬರತ್ತೆ ಅಂತ ಬಡ್ಕೊಂಡೆ! ಕೇಳಿದ್ನಾ ಈ ಮನುಷ್ಯ?"

"ಪರದೆ ಮುಚ್ಚಿತ್ತಲ್ಲೇ," ಎಂದ ಸೀಬ್ರೆನ್. "ಹಗಲೆಲ್ಲ ಮುಚ್ಚಿತ್ತು. ನೀನೇ ಅಲ್ವಾ ಸುತ್ತಿಗೆ ಕಿತ್ಕೊಂಡು ಒಳಗಿಟ್ಟಿದ್ದು?"

ಆಗ ನನಗೆ ಹೊಳೆಯಿತು. ಮನೆಯಲ್ಲಿ ಸಾವಾದರೆ ಬೀದಿ ಕಡೆಯ ಪರದೆ ಎಳೆಯುತ್ತಾರೆ, ಮಣ್ಣು ಮಾಡಿ ಬಂದ ಮೇಲೆ ತೆಗೆಯುತ್ತಾರೆ. ಅಲ್ಲಿಯವರೆಗೆ ಆ ಮನೆಯವರನ್ನು ಅವರ ಪಾಡಿಗೆ ಬಿಡಬೇಕು. ನನ್ನ ಅಜ್ಜಿ ಸತ್ತಾಗ ನಾನೂ ನೋಡಿದ್ದೆ. ಪಟ್ಟಣದಲ್ಲಿ ಈಗ ಯಾರೂ ಮಾಡುವುದಿಲ್ಲವಾದ್ದರಿಂದ ಮರೆತುಬಿಟ್ಟಿದ್ದೆ. ಈ ಓಣಿಯಲ್ಲಿ ಇರುವವರೆಲ್ಲ ಹಳಬರು. ನನ್ನನ್ನು ಬಿಟ್ಟು ದೂರ ಹೋದರೆಂದು ನಾನು ಕೊರಗುತ್ತಿದ್ದಾಗ, ಒಂದಿಡೀ ಓಣಿ ನನಗಾಗಿ ಸೈಕಲ್ಲಿನಿಂದ ಇಳಿದು ನಡೆಯುತ್ತಿತ್ತು.

"ಇಷ್ಟು ದಿನ ಒಳಗಿಟ್ಕೊಂಡಿದ್ದಾಳಲ್ಲ, ಒಬ್ಬ ಡಾಕ್ಟರನ್ನಾದ್ರೂ ಕರೆಸಬಾರದಾ ಅಂತ ಬೇಕರಿಯವಳು ಬೇರೆ ಕೇಳಿದ್ಲು," ಎಂದಳು ಬೌಕ. "ಅವಳಿಗೆ ದುಃಖ, ಸುಮ್ನಿರು ಅಂದೆ. ಆದ್ರೂ ಮಿಂಕಾ, ನಿಜ ಹೇಳ್ತೀನಿ, ಬಾಗಿಲು ತೆಗೆದಾಗ ಮೊದಲು ಮೂಸಿ ನೋಡ್ದೆ."

ನನಗೆ ನಗು ಬಂತು. ಎಷ್ಟೋ ತಿಂಗಳಿಂದ ಬಾರದ ನಗು. ಅದು ನಿಲ್ಲುವ ಮೊದಲೇ ಅಳುವಾಯಿತು. ಬೌಕ ನನ್ನ ತೋಳು ಹಿಡಿದು ಒಳಗೆ ಕೂರಿಸಿದಳು.

"ಏಪ್ರಿಲ್‌ನಲ್ಲೇ ಮಣ್ಣಾದ್ಮೇಲೆ ಈಗ ಯಾಕೆ ಪರದೆ ಎಳೆದೆ?"

"ಅಲ್ಲಿ ಸತ್ಳು ಬೌಕಾ. ಇಲ್ಲಿ ಇನ್ನೂ ಸತ್ತಿರಲಿಲ್ಲ."

ಸೀಬ್ರೆನ್ ಸೂಪಿನ ಪಾತ್ರೆ ತಂದು ಒಲೆಯ ಮೇಲಿಟ್ಟ. ಮೂವರೂ ಉಂಡೆವು. ಅವರಿಬ್ಬರು ಫೆನ್ನಾಳ ಮಾತುಗಳನ್ನು ನೆನೆಸಿಕೊಂಡರು. ಅವಳು ಒಮ್ಮೆ ಕೆಸರುನೆಲದಲ್ಲಿ ಬೂಟು ಕಳೆದುಕೊಂಡು ಒಂದೇ ಕಾಲಲ್ಲಿ ಕುಂಟುತ್ತಾ ಬಂದದ್ದನ್ನು ಸೀಬ್ರೆನ್ ಎದ್ದು ನಿಂತು ನಡೆದೇ ತೋರಿಸಿದ. ಅವರು ಹೋದ ಮೇಲೆ ಮನೆ ಮೊದಲಿಗಿಂತ ಹೆಚ್ಚು ಖಾಲಿಯಾಗಿತ್ತು. ಆದರೂ ಪರದೆ ತೆಗೆದೆ. ತಟ್ಟೆಗಳನ್ನು ದೀಪದ ಬೆಳಕಿನಲ್ಲಿ ಒರೆಸಿದೆ.

ಮರುದಿನ ಹಡಗುಕಟ್ಟೆಗೆ ಬೌಕಳೂ ಬಂದಳು. ಕೇಳಲು ಅವಳಿಗೆ ಸಂಕೋಚ. ನನ್ನ ಕೋಟಿನ ಕಾಲರನ್ನು ಸರಿಮಾಡುತ್ತಾ, ಬೇರೆ ಕಡೆ ನೋಡುತ್ತಾ ಕೇಳಿದಳು.

"ಬರೋ ವರ್ಷದ ವಾರ ಏನು ಮಾಡ್ಲಿ? ಉಟ್ರೆಕ್ಟಿನವರೊಬ್ಬರು ಕೇಳ್ತಿದಾರೆ. ಬೇಡ ಅನ್ನಿಸಿದ್ರೆ ನಾನೇನೂ ಅಂದ್ಕೊಳಲ್ಲ."

ಮರಳಿನ ಮೇಲೆ ಮಾಡಿದ ತೀರ್ಮಾನ ನನ್ನ ನಾಲಿಗೆಯ ತುದಿಯಲ್ಲೇ ಇತ್ತು.

"ಇಟ್ಕೊಂಡಿರು," ಎಂದೆ. "ನನಗೇ ಇರಲಿ."

ಅವಳು ತಲೆಯಾಡಿಸಿದಳು. "ಹಾಸಿಗೆ ಎಷ್ಟು?" ಎಂದಳು.

"ಒಂದು."

"ಹಾಗಾದ್ರೆ ಇನ್ನೊಂದು ಮಂಚ ಗೋಡೆಗೆ ಸರಿಸಿಬಿಡ್ತೀನಿ. ಓಡಾಡೋಕೆ ನಿನಗೆ ಜಾಗ ಆಗತ್ತೆ."

"ಸರಿಸು," ಎಂದು ಹೇಳಿ ಹಡಗು ಹತ್ತಿದೆ.