ಹಣ್ಣಾಗದ ಭಾನುಪ್ರಿಯ

ಅಕ್ಕೂರಿನಲ್ಲಿ ರೇಷ್ಮೆ ಹುಳ ಸಾಕುವುದರಲ್ಲಿ ನನ್ನ ಗಂಡ ಕೆಂಪರಾಜುವನ್ನು ಮೀರಿಸುವವರಿಲ್ಲ. ಅವರ ಗೂಡು ಬಂತೆಂದರೆ ರಾಮನಗರದ ಮಾರ್ಕೆಟ್ಟಿನಲ್ಲಿ ಜನ ಮುತ್ತಿಕೊಳ್ಳುತ್ತಾರೆ. ತೊಂದರೆ ಏನೆಂದರೆ, ಮಹಾರಾಯರಿಗೆ ಬೇರೆ ಏನನ್ನೂ ಸಾಕಲು ಬರುವುದಿಲ್ಲ. ಎರಡನೇ ಕ್ಲಾಸಿನ ನಮ್ಮ ಮಗಳ ಶಾಲೆಯ ಮೀಟಿಂಗಿಗೆ ಅವತ್ತು ಹೋದವರು ಅವರೇ.

ಅಲ್ಲಿ ಮೇಡಂ, "ಭಾನುಪ್ರಿಯ ಪುಸ್ತಕ ಕಂಡರೆ ಅಳುತ್ತಾಳೆ. ಕಲಿಯುವ ಹಸಿವು ಮನೆಯಲ್ಲೇ ಹುಟ್ಟಬೇಕು" ಎಂದರಂತೆ. ಹಸಿವು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಇವರಿಗೆ ದಾರಿ ಕಂಡುಬಿಟ್ಟಿತು. ಹಸಿದ ಹುಳ ತಲೆ ಎತ್ತುವುದನ್ನು ಇವರಿಗಿಂತ ಬಲ್ಲವರು ಯಾರು? ಮನೆಗೆ ಬಂದವರೇ ಹುಳಕ್ಕೆ ಸೊಪ್ಪು ಹೆಚ್ಚುವ ಕತ್ತಿ ತೆಗೆದು ಮಗಳ ಕನ್ನಡ ಪುಸ್ತಕವನ್ನು ಸಣ್ಣಗೆ ಹೆಚ್ಚತೊಡಗಿದರು.

"ಅಯ್ಯೋ, ನಿಮ್ಗೇನ್ ತಲೆಗಿಲೆ ಕೆಟ್ಟೈತಾ? ಸರಸ್ವತಿ ಕಣ್ರೀ ಅದು!" ಎಂದು ಕೂಗಿಕೊಂಡೆ.

"ಎಳೇ ಹುಳಕ್ಕೆ ಇಡೀ ಎಲೆ ಹಾಕಿದ್ರೆ ತಿಂದಾವೇನೆ? ಅದ್ಕೇ ಅಳ್ತಾವ್ಳೆ," ಎಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಹೆಚ್ಚಿದ್ದನ್ನು ಬಿದಿರಿನ ತಟ್ಟೆಗೆ ಹರಡಿ, ಮಗಳನ್ನು ಎತ್ತಿ ನಡುವೆ ಕೂರಿಸಿದರು. ಹುಳದ ಮನೆಗೆ ಮಾಡುವಂತೆ ಹೊಸ್ತಿಲಿಗೆ ಸುಣ್ಣ ಎಳೆದರು. ಕಾಲು ತೊಳೆಯದೆ ಯಾರೂ ಒಳಗೆ ಬರುವಂತಿಲ್ಲ. ನಮ್ಮತ್ತೆ ಕೆಂಚಮ್ಮನಿಗೆ ಹೊಗೆಸೊಪ್ಪು ಬಂದ್, ನನಗೆ ಒಗ್ಗರಣೆ ಬಂದ್. ಘಾಟಿಗೆ ಮಗು ಓದು ಬಿಟ್ಟೀತಂತೆ!

ಬೈದು ಬೈದು ಸುಸ್ತಾಗಿ ಇಣುಕಿ ನೋಡಿದರೆ, ಭಾನು ತಟ್ಟೆಯಲ್ಲಿ ತೆವಳುತ್ತಿದ್ದಳು.

"ಅಮ್ಮಾ, 'ನರಿ ಬಾವಿಗೆ' ಅಂತ ಐತೆ. ಬಾವಿಗೆ ಏನು? ಬಿತ್ತಾ?" ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ ಚೂರುಗಳಲ್ಲಿ ನರಿಯನ್ನು ಹುಡುಕತೊಡಗಿದಳು. ಪುಸ್ತಕ ಎಂದರೆ ಅಳುತ್ತಿದ್ದ ಮಗು! ಖುಷಿಗೆ ನನ್ನ ಕಣ್ಣಲ್ಲಿ ನೀರು ಬಂತು. ಗಂಡನ ಮುಂದೆ ಒಪ್ಪಿಕೊಳ್ಳಲಿಲ್ಲ, ಅಷ್ಟೆ.

ನಡುವೆ ಒಂದು ದಿನ ಅವಳು ಮುಖ ಊದಿಸಿಕೊಂಡು ಏನೂ ಬೇಡ ಎಂದಳು. ನಾನು ಗಾಬರಿಯಾದೆ. ಇವರು ಮಾತ್ರ, "ಜ್ವರಕ್ಕೆ ಕೂತವ್ಳೆ. ಈಗ ಸೊಪ್ಪು ಹಾಕ್ಬೇಡ, ಎದ್ಮೇಲೆ ಅವ್ಳೇ ಕೇಳ್ತಾಳೆ," ಎಂದರು. ಹುಳ ಪೊರೆ ಬಿಡುವ ಮುನ್ನ ತಿನ್ನದೆ ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಮನೆಯಲ್ಲಿ ಯಾರೂ ಪುಸ್ತಕದ ಸುದ್ದಿ ಎತ್ತಲಿಲ್ಲ. ವಾರದೊಳಗೆ ಭಾನು ಬೋಂಡ ಕಟ್ಟಿದ್ದ ಪೇಪರು ಹಿಡಿದು ಕೂತಿದ್ದಳು. ಆಮೇಲೆ ಇಡೀ ಹಾಳೆ, ಆಮೇಲೆ ಇಡೀ ಪುಸ್ತಕ, ಪಂಚಾಂಗ, ಲಗ್ನಪತ್ರಿಕೆ, ಯಾವುದನ್ನೂ ಬಿಡಲಿಲ್ಲ. ಹುಳದ ಹಾಗೆಯೇ ನಾಲ್ಕು ಸಲ ಜ್ವರಕ್ಕೆ ಕೂತು ಎದ್ದಳು.

ಕಷ್ಟ ತಂದವರು ನಮ್ಮ ಮಾವ ತಿಮ್ಮಯ್ಯ. "ನಾಕು ಜ್ವರ ಎದ್ದವ್ಳೆ, ಇನ್ನೂ ಹಣ್ಣಾಗ್ನಿಲ್ವಲ್ಲ?" ಎಂದು ಶುರು ಮಾಡಿದರು. ಹಣ್ಣಾದ ಹುಳ ಮೇವು ಬಿಡುತ್ತದೆ, ಮೈ ಹೊಳೆಯುತ್ತದೆ, ಗೂಡು ಕಟ್ಟಲು ಜಾಗ ಹುಡುಕುತ್ತದೆ. ಮಾವ ದಿನಾ ಬೆಳಿಗ್ಗೆ ಮೊಮ್ಮಗಳ ತೋಳನ್ನು ಬಿಸಿಲಿಗೆ ಹಿಡಿದು ನೋಡುವರು. ಎಲ್ಲಿಯ ಹೊಳಪು!

"ಎಷ್ಟು ತಿಂದ್ರೇನ್ ಬಂತು? ಒಂದು ಕಪ್ಪೋ, ಒಂದು ರ‍್ಯಾಂಕೋ, ಏನಾರಾ ಕಟ್ಬೇಕಲ್ಲ!" ಎಂದು ಗೊಣಗುವರು.

ಹಣ್ಣು ಹುಳ ಆಯಲು ಬೀದಿಯವರೆಲ್ಲ ಕೈಜೋಡಿಸುವುದು ನಮ್ಮೂರ ಪದ್ಧತಿ. ಮಾವ ಕರೆದರು, ಶನಿವಾರ ಎಲ್ಲರೂ ಬಂದೇಬಿಟ್ಟರು. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯನ್ನು ಅಂಗಳದಲ್ಲಿ ನಿಲ್ಲಿಸಿ, ಭಾನುವನ್ನು ಅದಕ್ಕೆ ಒರಗಿಸಿದರು.

"ಕಟ್ಟು ಮಗಾ," ಎಂದರು ಮಾವ.

"ಕಟ್ಟಿದ್ಮೇಲೆ ತಿನ್ನಕ್ಕೆ ಏನ್ ಕೊಡ್ತೀಯ ತಾತ?"

"ಕಟ್ಟಿದ್ಮೇಲೆ ತಿನ್ನಂಗಿಲ್ಲ."

"ಹಂಗಾದ್ರೆ ನಾನ್ ಕಟ್ಟಲ್ಲ," ಎಂದ ಭಾನು ಅಲ್ಲೇ ಬಿದ್ದಿದ್ದ ಗೊಬ್ಬರದ ಚೀಲ ಎಳೆದುಕೊಂಡು ಓದತೊಡಗಿದಳು.

ಬಂದವರು ಒಂದೊಂದು ಹೆಜ್ಜೆ ಹಿಂದೆ ಸರಿದರು. ತಿನ್ನುತ್ತಲೇ ಇದ್ದು ಗೂಡು ಕಟ್ಟದ ಹುಳ ರೋಗದ್ದು. ಅದನ್ನು ಆಯ್ದು ಸುಣ್ಣದ ಗುಂಡಿಗೆ ಹಾಕುತ್ತಾರೆ, ಇಲ್ಲವಾದರೆ ಮಿಕ್ಕವಕ್ಕೂ ಅಂಟುತ್ತದೆ. ಅಷ್ಟರಲ್ಲಿ ಪಕ್ಕದ ಮನೆಯ ಹುಡುಗಿ ಸಾನಾ ಚೀಲದ ಇನ್ನೊಂದು ಬದಿ ಓದುತ್ತಿದ್ದಳು. ಅವಳ ತಾಯಿ ಓಡಿಬಂದು ಮಗಳನ್ನು ದರದರ ಎಳೆದುಕೊಂಡಳು.

"ನೋಡ್ದೇನ್ಲಾ ಕೆಂಪ, ಅಂಟ್ತಾ ಐತೆ! ನಾಳೆಯಿಂದ ಇವ್ಳಿಗೆ ಸೊಪ್ಪು ನಿಲ್ಸು. ಮನೇಲಿರೋ ಪುಸ್ತಕನೆಲ್ಲ ಗುಂಡಿಗೆ ಹಾಕು," ಎಂದರು ಮಾವ.

ಕಸುಬಿನ ಮಾತನ್ನು ನನ್ನ ಗಂಡ ಎಂದೂ ಮೀರಿದವರಲ್ಲ. ಅವರು ಚಂದ್ರಿಕೆಯನ್ನು ನೋಡಿದರು, ಮಗಳನ್ನು ನೋಡಿದರು.

"ನಾನು ಏಳ್ನೇ ಕ್ಲಾಸ್ಗೇ ಕಟ್ಬುಟ್ಟೆ ಕಣಪ್ಪ," ಎಂದರು. "ಹುಳ ಆಯಕ್ಕೆ ಆಳಿಲ್ಲ ಅಂತ ಇಸ್ಕೂಲಿಂದ ಎಬ್ಬಿಸ್ಕೊಂಡ್ ಬಂದ್ಯಲ್ಲ, ಅವತ್ತು."

"ನೀನು ಹಣ್ಣಾಗಿದ್ದೆ ಕಣ್ಲಾ ಅವಾಗ." ಮಾವನ ದನಿ ಇಳಿದಿತ್ತು.

"ಇಲ್ಲ ಕಣಪ್ಪ. ನಂಗಿನ್ನೂ ಹಸಿವಿತ್ತು."

ಬಂದವರು ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡು ಹೊರಟರು. ನಾನು ಅಳು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡೆ. ಇಷ್ಟು ವರ್ಷ ಜೊತೆಗೆ ಬಾಳಿದ್ದೇನೆ, ಈ ಮನುಷ್ಯ ನನಗೂ ಒಂದು ಮಾತು ಹೇಳಿರಲಿಲ್ಲ.

ಮಾವ ಚಂದ್ರಿಕೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತರು. ಮೊಮ್ಮಗಳ ಕೈಲಿದ್ದ ಚೀಲದ ಕಡೆ ಬಾಗಿ, "ಅದೇನ್ ಬರ್ದವ್ರೆ, ಒಸಿ ಜೋರಾಗಿ ಓದವ್ವ. ನಿಮ್ಮಪ್ಪಂಗೂ ಕೇಳ್ಲಿ," ಎಂದರು.