ಟಾರ್ಚಿಗೂ ಬೀಗ

ಚಿಕ್ಕಪ್ಪ ಸತ್ತ ಅತ್ತಿಗೆಯ ಹೆಬ್ಬೆರಳನ್ನು ಕರವಸ್ತ್ರದಿಂದ ಒರೆಸಿ ಮೂರನೆಯ ಸಲ ಅವಳ ಮೊಬೈಲಿಗೆ ಒತ್ತಿದ. ಮೊಬೈಲು ತೆರೆಯಿತು. ತೆರೆದದ್ದು ತಲೆಬಾಗಿಲು ಮಾತ್ರ. ಒಳಗೆ ಒಂದೊಂದು ಆ್ಯಪಿಗೂ ನಂಬರಿನ ಬೀಗ. ಫೋಟೋಗೆ, ಮೆಸೇಜಿಗೆ, ಕಡೆಗೆ ಟಾರ್ಚಿಗೂ.

ಶವದ ಗಾಡಿ ಬರಲು ಅರ್ಧ ಗಂಟೆಯಿತ್ತು. ಗೋಡೆಗೆ ಹಾಕಲು ಫೋಟೋ ಬೇಕೆಂದು ಶುರುವಾದ ಹುಡುಕಾಟ, ಫೋಟೋ ಬೇರೆ ಕಡೆ ಸಿಕ್ಕ ಮೇಲೂ ನಿಂತಿರಲಿಲ್ಲ. ಇವತ್ತಲ್ಲ ನಾಳೆ ಅಂಗಡಿಯಲ್ಲಿ ಬಿಚ್ಚಿಸುತ್ತೇನೆ ಎಂದು ಚಿಕ್ಕಪ್ಪ ಹಟ ಹಿಡಿದ.

ಅಪ್ಪ ಮಗಳ ಕಡೆ ತಿರುಗಿದರು. "ನಲವತ್ತು ವರ್ಷ ಸಂಸಾರ ಮಾಡಿದೀನಿ. ನನ್ನಿಂದ ಮುಚ್ಚಿಡೋದು ಅವಳಿಗೆ ಏನಿತ್ತು? ನಂಬರು ನಿಂಗೊತ್ತು. ಹಾಕು."

ಮಗಳು ಮೊಬೈಲು ತೆಗೆದುಕೊಂಡಳು.

\*

ಅಮ್ಮ ಇಪ್ಪತ್ತು ವರ್ಷ ಗಾರ್ಮೆಂಟ್ಸಿನಲ್ಲಿ ಕೂತು ಕಂಡವರ ಪ್ಯಾಂಟಿಗೆ ಜೇಬು ಹೊಲಿದವಳು. ತನ್ನದೆನ್ನುವ ಜೇಬು ಅವಳಿಗಿರಲಿಲ್ಲ. ಅವಳಿಗೆ ಬಂದ ಮೆಸೇಜುಗಳನ್ನು ಅಪ್ಪ ಊಟಕ್ಕೆ ಕೂತಾಗ ಅವಳ ಗೆಳತಿಯರನ್ನು ಅಣಕಿಸುತ್ತ ಗಟ್ಟಿಯಾಗಿ ಓದುತ್ತಿದ್ದರು. ಮನೆಯೆಲ್ಲ ನಗುತ್ತಿತ್ತು. ಮಗಳೂ ನಕ್ಕಿದ್ದಳು, ಅದನ್ನು ನೆನೆದರೆ ಈಗಲೂ ಅವಳಿಗೆ ನಾಚಿಕೆಯಾಗುತ್ತದೆ.

ಕೆಲಸ ಬಿಟ್ಟ ದಿನ ಅಮ್ಮ ಎಲ್ಲದಕ್ಕೂ ಬೀಗ ಹಾಕಿಕೊಡೆಂದು ಮೊಬೈಲನ್ನು ಮಗಳ ಮುಂದಿಟ್ಟಳು. ಟಾರ್ಚಿಗೂ ಯಾಕೆಂದು ಮಗಳು ಕೇಳಿದಳು.

"ಒಂದನ್ನ ಬಿಟ್ಟರೆ, ಉಳಿದಿದ್ದರಲ್ಲಿ ಏನೋ ಇದೆ ಅಂತಾರೆ. ಎಲ್ಲಾ ನಂದೇ. ಹಾಕು."

ಹತ್ತು ಸಲ ತಪ್ಪು ನಂಬರು ಒತ್ತಿದರೆ ಒಳಗಿನದೆಲ್ಲ ಅಳಿಸಿಹೋಗುವಂತೆಯೂ ಮಾಡಿಸಿಕೊಂಡಳು. ಆಮೇಲೆ ದಿನಾ ಮಧ್ಯಾಹ್ನ ಕದ ಮುಚ್ಚಿಕೊಂಡು ಅದರಲ್ಲಿ ಏನೋ ಮಾತಾಡಿ ರೆಕಾರ್ಡ್ ಮಾಡುತ್ತಿದ್ದಳು. ಏನಮ್ಮಾ ಅದು ಅಂದರೆ ಬರೀ ನಗು.

\*

ನಂಬರು ಒತ್ತಿದರೆ ಅಮ್ಮನ ದನಿ ಸಿಗುತ್ತದೆ. ಅದು ಮಗಳಿಗೂ ಬೇಕಿತ್ತು, ಜೀವ ಹೋಗುವಷ್ಟು ಬೇಕಿತ್ತು. ಆದರೆ ನಾಳೆ ಊಟದ ಹೊತ್ತಿಗೆ ಅದನ್ನು ಮನೆಮಂದಿಯೆಲ್ಲ ಕೇಳುತ್ತಾರೆ.

ಅವಳು ತಪ್ಪು ನಂಬರು ಒತ್ತಿದಳು. ಇನ್ನೊಂದು ತಪ್ಪು. ಮತ್ತೊಂದು. ನಾಲ್ಕನೆಯದಕ್ಕೆ ಚಿಕ್ಕಪ್ಪ ಸರಿಯಾಗಿ ನೆನಪು ಮಾಡಿಕೋ ಅಂದ. ಏಳನೆಯದಕ್ಕೆ ಅಪ್ಪ ಎದ್ದು ನಿಂತರು.

"ಗೊತ್ತಿದ್ದೂ ತಪ್ಪು ಹಾಕ್ತಿದೀಯಾ?"

"ಹೂಂ ಅಪ್ಪ, ಗೊತ್ತಿದ್ದೇ ಹಾಕ್ತಿದೀನಿ. ಇದು ಅಮ್ಮಂದು."

ಒಂಬತ್ತು ಆದಾಗ ಅಮ್ಮನ ಮುಖ ನೋಡಿದಳು. ಹತ್ತನೆಯದನ್ನೂ ಒತ್ತಿದಳು.

ಮೊಬೈಲು ಕಪ್ಪಾಯಿತು. ಅದನ್ನು ಅಪ್ಪನ ಕೈಗಿಟ್ಟು ಅವಳು ಅಮ್ಮನ ಪಕ್ಕ ಹೋಗಿ ಕೂತಳು. ಸ್ವಲ್ಪ ಹೊತ್ತಿಗೆ ಅಪ್ಪನ ಅಂಗೈಯಲ್ಲಿ ಬೆಳಕು ಬಂತು. ಅಂಗಡಿಯಿಂದ ಆಗಷ್ಟೇ ತಂದ ಮೊಬೈಲಿನಂತೆ ಅದು ನಮಸ್ಕಾರ ಹೇಳಿ, ಯಾವ ಭಾಷೆ ಬೇಕೆಂದು ಅವರನ್ನು ಕೇಳಿತು.